ಸಂಕಪ್ಪಣ್ಣನ ಬಿಟ್ಟಿ ಸೀಟು

ಮೂಡುಬಿದಿರೆ–ಬಂಟ್ವಾಳ ರೂಟಿನ ಖಾಸಗಿ ಬಸ್ಸಿನಲ್ಲಿ ಆಯುಷ್ಯವಿಡೀ ಕಂಡಕ್ಟರಾಗಿದ್ದ ಸಂಕಪ್ಪಣ್ಣನವರಿಗೆ ಟಿಕೆಟಿಲ್ಲದೆ ಕೂತವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಟಿಕೆಟಿಲ್ಲವೆಂದು ಸ್ವಂತ ಭಾವನನ್ನೇ ನಡುದಾರಿಯ ಸಿದ್ಧಕಟ್ಟೆಯಲ್ಲಿ ಇಳಿಸಿ ಬಂದ ಪುಣ್ಯಾತ್ಮ. ಕೆಲಸ ಬಿಟ್ಟ ಮೇಲೆ ಆ ಉರಿ ಸರ್ಕಾರದ ಕಡೆ ತಿರುಗಿತು. "ಕಾಲೇಜೂ ಫ್ರೀಯಂತೆ! ಯಾರಪ್ಪನ ಗಂಟು ಮಾರಾಯ್ರೆ? ನಾವು ಬೆಂಕಿಪೆಟ್ಟಿಗೆ ತೆಗೊಂಡರೂ ತೆರಿಗೆ ಉಂಟು," ಎಂದು ಹೋಟೆಲಿನಲ್ಲಿ ದಿನಾ ಭಾಷಣ. ಚಹಾದ ದುಡ್ಡು ಮಾತ್ರ ಎದುರು ಕೂತವರು ಕೊಡಬೇಕು.

ಮಗಳು ವಿಜೇತಾ ಪಿಯುಸಿ ಮುಗಿಸಿ ಊರಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎ.ಗೆ ಹೆಸರು ಕೊಟ್ಟಾಗ ಅರ್ಜಿಗೆ ಅವರೇ ಸಹಿ ಹಾಕಿದರು. ಖಾಸಗಿ ಕಾಲೇಜು ಕೈಗೆಟುಕುವಂಥದ್ದಲ್ಲ. ಅಷ್ಟರಲ್ಲಿ ಒಂದು ಸಂಜೆ ಉಪನ್ಯಾಸಕ ದಯಾನಂದ ಬೆವರು ಒರೆಸಿಕೊಳ್ಳುತ್ತಾ ಮನೆಗೆ ಬಂದರು.

"ಇನ್ನೊಬ್ಬರು ಸೇರದಿದ್ದರೆ ಬಿ.ಎ. ಮುಚ್ಚುತ್ತಾರೆ ಸಂಕಪ್ಪಣ್ಣ. ನಾಳೆ ಕಡೇ ದಿನ. ಮನೆ ಮನೆ ತಿರುಗಿದ್ದೇನೆ, ಯಾರೂ ಇಲ್ಲ."

ವಿಜೇತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಲೇಜಿಲ್ಲವೆಂದರೆ ಬಿ.ಸಿ. ರೋಡಿನ ಸೀರೆ ಅಂಗಡಿಯ ಕೆಲಸವೇ ಗತಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಂಕಪ್ಪಣ್ಣ ಎದ್ದು ಹೋಗಿ ಬಾಗಿಲು ತಟ್ಟಿದರು; ತೆರೆಯಲಿಲ್ಲ.

ಹೆಂಡತಿ ಪ್ರೇಮಾವತಿ ಗಂಡನನ್ನೇ ನೋಡಿದರು. "ನೀವು ಪಿಯುಸಿ ಪಾಸಲ್ವಾ?"

"ಅದು ಯಾವ ಕಾಲದ ಮಾತು ಮಾರಾಯ್ತಿ!"

"ವಯಸ್ಸಿನ ಅಡ್ಡಿ ಇಲ್ಲ," ಎಂದು ದಯಾನಂದ ಅರ್ಜಿ ತೆಗೆಯಲು ಬ್ಯಾಗಿಗೆ ಕೈ ಹಾಕಿದರು.

ಹಾಗೆ ಸಂಕಪ್ಪಣ್ಣ ಮಗಳ ಸಹಪಾಠಿಯಾದರು. ಹಳೇ ಅಭ್ಯಾಸ, ಬಾಗಿಲ ಪಕ್ಕದಲ್ಲೇ ಕೂತರು. ಮಗಳ ಷರತ್ತು ಒಂದೇ: ಕ್ಲಾಸಿನಲ್ಲಿ ತನ್ನನ್ನು "ಮಗಾ" ಎನ್ನಲಿಕ್ಕಿಲ್ಲ. ಹೋಟೆಲಿನ ಭಾಷಣವೂ ನಿಂತಿತು. ಬಿಟ್ಟಿ ಕಲಿಯುವವರನ್ನು ಬಯ್ಯಲು ಬಾಯಿ ಬರಬೇಕಲ್ಲ. ಚಹಾದ ದುಡ್ಡೂ ತಾವೇ ಕೊಡುವಂತಾಯಿತು.

ಮೂರು ವರ್ಷ ಕಳೆದು ಮಗಳು ಪಾಸು, ಅಪ್ಪ ಇಂಗ್ಲಿಷಿನಲ್ಲಿ ಡುಮ್ಕಿ. "ಸಾಕು, ನನ್ನ ಸ್ಟಾಪು ಬಂತು," ಎಂದು ಚೀಲವನ್ನು ಗೂಟಕ್ಕೆ ನೇತುಹಾಕಿ ನೆಮ್ಮದಿಯಿಂದ ಮಧ್ಯಾಹ್ನದ ನಿದ್ದೆಗೆ ಮರಳಿದರು.

ಆ ಜೂನಿನಲ್ಲಿ ನೆರೆಮನೆಯ ನಫೀಸಮ್ಮ ಮೊಮ್ಮಗಳು ರಿಫಾಳನ್ನು ಕರಕೊಂಡು ಅಂಗಳಕ್ಕೆ ಬಂದರು. "ಇವಳು ಹೆಸರು ಕೊಟ್ಟ ಬಿ.ಎ.ಗೆ ಈ ವರ್ಷವೂ ಒಬ್ಬರು ಕಮ್ಮಿಯಂತೆ ಸಂಕಪ್ಪಣ್ಣ. ಫೇಲಾದವರು ಮೊದಲ ವರ್ಷದಿಂದ ಪುನಃ ಸೇರಬಹುದಂತೆ."

ಪ್ರೇಮಾವತಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ರಿಫಾ ನೆಲ ನೋಡುತ್ತಾ ನಿಂತಿದ್ದಳು. ಸಂಕಪ್ಪಣ್ಣನವರಿಗೆ ಅಂದು ಬಾಗಿಲು ಹಾಕಿಕೊಂಡ ಮಗಳ ಮುಖವೇ ಕಂಡಿತು. ಎದ್ದು ಹೋಗಿ ಗೂಟದಿಂದ ಚೀಲ ತೆಗೆದು ಧೂಳು ಕೊಡವಿದರು.

"ಒಂದು ಮಾತು ಮಗಾ," ಎಂದು ರಿಫಾಳ ಕಡೆ ತಿರುಗಿದರು. "ಕ್ಲಾಸಲ್ಲಿ ನನ್ನನ್ನು ಅಜ್ಜ ಅಂತ ಕರೀಲಿಕ್ಕಿಲ್ಲ."