ಕನ್ನಡಿಯಲ್ಲಿ ಕಂಡ ಕೊಲೆಗಾರ

ಆ ಕ್ಷೌರದಂಗಡಿಯಲ್ಲಿ ತಲೆ ಕೊಟ್ಟು ಕೂತವರೆಲ್ಲ ಪತ್ತೇದಾರರು. ಟಿವಿ ಇದ್ದದ್ದು ಹಿಂದಿನ ಗೋಡೆಯಲ್ಲಿ, ಕಾಯುವವರ ಬೆಂಚಿನ ನೆತ್ತಿಯ ಮೇಲೆ. ಹಾಗಾಗಿ ಕುರ್ಚಿಯವರೂ ಬೆಂಚಿನವರೂ ಅದನ್ನು ನೋಡುತ್ತಿದ್ದದ್ದು ಎದುರಿನ ದೊಡ್ಡ ಕನ್ನಡಿಯಲ್ಲೇ. ಸಂಜೆ ಧಾರಾವಾಹಿ ಶುರುವಾಯಿತೆಂದರೆ ಕತ್ತರಿಗಿಂತ ನಾಲಿಗೆಗಳ ಸದ್ದೇ ಜೋರು. ಬಂಗಲೆಯ ಒಡತಿಯನ್ನು ಕೊಂದವರು ಯಾರು? ಇರಿದದ್ದು ಎಡಗೈ ಎಂದು ಇನ್‌ಸ್ಪೆಕ್ಟರು ಮೊದಲ ವಾರವೇ ಹೇಳಿದ್ದ. ಬಂಗಲೆಗೆ ಬಂದುಹೋಗುವ ಡಾಕ್ಟರು ಔಷಧಿ ಬರೆಯುವುದು ಎಡಗೈಯಲ್ಲಿ. ಇನ್ನೇನು ಬೇಕು? ಡಾಕ್ಟರೇ ಕೊಲೆಗಾರ ಎಂದು ಅಂಗಡಿ ತೀರ್ಪು ಕೊಟ್ಟಾಗಿತ್ತು. ಮನೆಯಲ್ಲಿ ನೋಡಿದ ಯಾರಾದರೂ "ಅವನು ಬರೆಯೋದು ಬಲಗೈಯಲ್ಲಿ ಕಣ್ರೀ" ಎಂದರೆ, "ಮೊದ್ಲು ಕನ್ನಡಕ ಬದಲಾಯಿಸ್ಕೊಳ್ಳಿ" ಎಂದು ಎಲ್ಲರೂ ಮೇಲೆ ಬೀಳುತ್ತಿದ್ದರು. ಅದಕ್ಕೆಲ್ಲ ಮುಂದಾಳು ಅಂಗಡಿಯವನೇ.

ಅವನಿಗೆ ಕತ್ತರಿ ಹಿಡಿಯಲು ಕಲಿಸಿದವನು ಅಣ್ಣ. ಅಂಗಡಿ ಕಟ್ಟಿದವನೂ ಅವನೇ. ಮಾತಿನಲ್ಲಿ ಎತ್ತಿದ ಕೈ; ಗಿರಾಕಿಯ ಬಾಯಿ ಮುಚ್ಚುವ ಹಾಗೆ ನೊರೆ ಹಚ್ಚಿ, ಆಮೇಲೆ ವಾದಕ್ಕಿಳಿದು ಗೆಲ್ಲುತ್ತಿದ್ದ ಪುಣ್ಯಾತ್ಮ. ಅಂಥವನಿಗೆ ಹೋದ ವರ್ಷ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಳಿವಳಿಕೆ ಎಷ್ಟು ಉಳಿದಿದೆಯೋ ಹೇಳಲಾಗದು ಎಂದರು ಆಸ್ಪತ್ರೆಯವರು. ಏನು ಕೇಳಿದರೂ ಒಂದೇ ಥರ ತಲೆಯಾಡಿಸುತ್ತಿದ್ದ; ತಿಳಿದು ಆಡಿಸುತ್ತಿದ್ದನೋ ಸುಮ್ಮನೆಯೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಾರಕ್ಕೊಮ್ಮೆ ಅತ್ತಿಗೆ ಅವನನ್ನು ಕ್ಷೌರಕ್ಕೆ ಕರೆತರುತ್ತಿದ್ದಳು. ಬಂದಾಗಲೆಲ್ಲ ಅದೇ ಪ್ರಶ್ನೆ.

"ನಿಜ ಹೇಳಪ್ಪಾ, ಇವರಿಗೆ ನಾವಾಡೋದು ತಿಳಿಯುತ್ತಾ?"

"ತಿಳಿಯುತ್ತೆ ಅತ್ತಿಗೆ" ಎನ್ನುತ್ತಿದ್ದ ತಮ್ಮ, ಅವಳ ಮುಖ ನೋಡದೆ. ಅವನಿಗೇ ನಂಬಿಕೆ ಇರಲಿಲ್ಲ. ಅಣ್ಣ ಆ ಕಣ್ಣುಗಳ ಹಿಂದೆ ಇದ್ದಾನೋ ಇಲ್ಲವೋ ಎಂಬುದೊಂದು ಗೊತ್ತಾದರೆ ಸಾಕಿತ್ತು. ಡಾಕ್ಟರು ಜೈಲಿಗೆ ಹೋದರೆಷ್ಟು, ಬಿಟ್ಟರೆಷ್ಟು.

ಆ ಸಂಜೆ ಅಂಗಡಿ ತುಂಬಿತ್ತು. ಅತ್ತಿಗೆ ಬೆಂಚಿನ ತುದಿಯಲ್ಲಿದ್ದಳು. ಅಣ್ಣನ ಒಂದು ಕೆನ್ನೆ ಬೋಳಿಸಿ ಮುಗಿದಿತ್ತು. ಡಾಕ್ಟರು ಪೆನ್ನು ತೆಗೆದದ್ದೇ ತಡ, "ಎಡಗೈ! ಎಡಗೈ!" ಎಂದು ಬೆಂಚು ಕೂಗಿಕೊಂಡಿತು. ಅಣ್ಣನ ಗಂಟಲಿನಿಂದ ಒಂದು ಸದ್ದು ಬಂತು. ಹೊದಿಸಿದ ಬಟ್ಟೆಯಡಿಯಿಂದ ಅವನ ಎಡಗೈ ಹೊರಬಂದು ತಮ್ಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಕತ್ತಿ ತಾಗಿತೇನೋ ಎಂದು ತಮ್ಮ ನೋಡಿದ. ರಕ್ತ ಬಂದಿರಲಿಲ್ಲ.

ಅಣ್ಣ ಕನ್ನಡಿಯತ್ತ ಬೆರಳು ತೋರಿಸಿದ, ಆಮೇಲೆ ತಲೆಯ ಹಿಂದಕ್ಕೆ. "ಪಾಪ, ತಲೆ ನೋಯ್ತಿರ್ಬೇಕು" ಎಂದರು ಯಾರೋ. ಅಣ್ಣನಿಗೆ ಸಿಟ್ಟು ಬಂತು. ಎಡಗಾಲನ್ನು ನೆಲಕ್ಕೆ ಊರಿ, ತಿರುಗುವ ಕುರ್ಚಿಯನ್ನು ತಾನೇ ತಿರುಗಿಸಲು ಹೆಣಗಿದ. ತಮ್ಮ ಕೈಜೋಡಿಸಿ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ತಾನೂ ಟಿವಿಯತ್ತ ನೇರವಾಗಿ ನೋಡಿದ. ಡಾಕ್ಟರು ಬರೆಯುತ್ತಿದ್ದದ್ದು ಬಲಗೈಯಲ್ಲಿ. ಅವನ ಹಿಂದೆ ಬಂಗಲೆಯ ಅಡುಗೆಯವಳು ಎಡಗೈಯಲ್ಲಿ ಚಾಕು ಹಿಡಿದು ಹಣ್ಣು ಹೆಚ್ಚುತ್ತಿದ್ದಳು!

ಬೆಂಚಿನವರು ಒಬ್ಬೊಬ್ಬರೇ ಎದ್ದು, ಕತ್ತು ತಿರುಗಿಸಿ ನೋಡಿದರು. ತಮ್ಮ ಮಾತ್ರ ಅಣ್ಣನ ಮುಖವನ್ನೇ ನೋಡುತ್ತಿದ್ದ. ಅರ್ಧ ನೊರೆ ಮೆತ್ತಿದ ಆ ಮುಖದಲ್ಲಿ, ವಾಲಿದ ತುಟಿಯ ಒಂದು ಬದಿಯಲ್ಲಿ, ಹಿಂದೆಲ್ಲ ಕೆಲಸವನ್ನು ತಮ್ಮ ಕೆಡಿಸಿದಾಗ ಬರುತ್ತಿದ್ದ ಅದೇ ಗೇಲಿಯ ನಗು. ಇಷ್ಟು ದಿನ ಇದೇ ಕುರ್ಚಿಯಲ್ಲಿ ಕೂತು, ಎಲ್ಲರ ಮಾತು ಕೇಳಿ, ಎಲ್ಲರ ತಪ್ಪು ಹಿಡಿದು, ಹೇಳಲು ಬಾಯಿಲ್ಲದೆ ಕಾಯುತ್ತಿದ್ದನಲ್ಲ ಈ ಮನುಷ್ಯ! ಎಂಥ ಅದ್ಭುತ, ಎಂಥ ಸಂಕಟ. ತಮ್ಮ ಕತ್ತಿಯನ್ನು ಕೆಳಗಿಟ್ಟ.

ಅತ್ತಿಗೆ ಎದ್ದು ಬಂದಳು. ಡಾಕ್ಟರು, ಅಡುಗೆಯವಳು, ಒಂದೂ ಅವಳಿಗೆ ಬೇಕಿರಲಿಲ್ಲ. ಗಂಡನ ಮುಂದೆ ಬಗ್ಗಿ ನಿಂತಳು.

"ರೀ... ಹಾಗಾದ್ರೆ ದಿನಾ ನಾನು ಬೈಕೊಂಡು ಓಡಾಡಿದ್ದು, 'ಇದ್ದೂ ಇಲ್ಲದ ಹಾಗಾದ್ರಲ್ಲ' ಅಂತ ನಿಮ್ಮೆದುರಿಗೇ ಅತ್ತಿದ್ದು, ಎಲ್ಲಾ ಕೇಳಿಸ್ತಿತ್ತಾ?"

ಅಣ್ಣ ಹೌದೆಂದು ತಲೆಯಾಡಿಸಿದ.

"ಸುಮ್ನೆ ಕೇಳಿಸ್ಕೊಂಡು ಕೂತಿದ್ರಾ? ಒಂಚೂರೂ ನಾಚಿಕೆ ಇಲ್ವಲ್ರೀ ನಿಮಗೆ!" ಎಂದು ಬೈದಳು ಅತ್ತಿಗೆ. ಬೈಯುತ್ತಲೇ ನೊರೆಯನ್ನೂ ಲೆಕ್ಕಿಸದೆ ಅವನ ಕೆನ್ನೆಗೆ ಕೆನ್ನೆ ಒತ್ತಿ ಅತ್ತಳು.