ತನುಜಾ ಕರೆತಂದ ದಾಕ್ಷಾಯಿಣಿ

ದೊಡ್ಮನೆಯ ತನುಜಾ ನಾಯ್ಕ ಶಿರಸಿಯ ಲ್ಯಾಬಿಗೆ ಸೇರಿ ಒಂಬತ್ತು ವರ್ಷವಾಯಿತು. ಅನುಮಾನ ಬಂದ ಫಲಿತಾಂಶವನ್ನು ಎರಡನೇ ಸಲ ಯಂತ್ರಕ್ಕೆ ಹಾಕದೆ ಸಹಿ ಮಾಡುವವಳಲ್ಲ. ಮನೆಯಲ್ಲಿ ಅನ್ನಕ್ಕೆ ಇಡುವಾಗಲೂ ನೀರನ್ನು ಕಣ್ಣಳತೆಯಲ್ಲಿ ಹಾಕುವುದಿಲ್ಲವೆಂದು ಗಂಡ ನಗುತ್ತಾನೆ. ಜನರ ವಿಷಯದಲ್ಲಿ ಮಾತ್ರ ಅವಳ ಅಳತೆ ಸಡಿಲ. ಒಮ್ಮೆ ಜೊತೆಯಲ್ಲಿ ದುಡಿದವರು ಕೆಲಸವಿಲ್ಲದೆ ಕೂತಿದ್ದಾರೆಂದು ಕೇಳಿದರೆ ಅವಳಿಗೆ ಸುಮ್ಮನಿರಲು ಆಗುವುದಿಲ್ಲ.

ದಾಕ್ಷಾಯಿಣಿಯ ವಿಷಯದಲ್ಲೂ ಹಾಗೇ ಆಯಿತು. ಯಲ್ಲಾಪುರದ ಸಣ್ಣ ನರ್ಸಿಂಗ್ ಹೋಮ್ ಒಂದರ ಲ್ಯಾಬಿನಲ್ಲಿ ಇಬ್ಬರೂ ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿದ್ದರು. ತನುಜಾ ಶಿರಸಿಗೆ ಬಂದ ಮೇಲೂ ದಾಕ್ಷಾಯಿಣಿ ಅಲ್ಲೇ ಇದ್ದಳು. ಕಳೆದ ವರ್ಷ ಅದು ಬಾಗಿಲು ಹಾಕಿತು. ಗಂಡನಿಲ್ಲದ ದಾಕ್ಷಾಯಿಣಿ ಹೈಸ್ಕೂಲಿಗೆ ಹೋಗುವ ಮಗಳನ್ನು ಕರೆದುಕೊಂಡು ಬನವಾಸಿ ಹತ್ತಿರದ ತವರಿಗೆ ಹೋದಳು. ಅದೇ ಹೊತ್ತಿಗೆ ಲ್ಯಾಬಿನ ಮಾಲೀಕ ಸಂಜಯ, ಹುಲೇಕಲ್ ಮತ್ತು ಸೋಂದಾ ಕಡೆ ಮನೆಮನೆಗೆ ಹೋಗಿ ರಕ್ತ ತೆಗೆದು ತರುವವರು ಬೇಕೆಂದ.

"ನಿಮ್ಮ ಪರಿಚಯದವರು ಯಾರಾದ್ರೂ ಇದ್ದಾರಾ ತನುಜಕ್ಕ?"

"ಒಬ್ಬಳು ಇದ್ದಾಳೆ ಸರ್. ಅವಳ ಕೈ ನನ್ನ ಕೈಗಿಂತ ಚಲೋ."

"ಹಂಗಾರೆ ಕರೀರಿ. ಒಂದು ತಿಂಗಳು ನೋಡೋಣ. ಜವಾಬ್ದಾರಿ ನಿಮ್ಮದು."

ಎರಡು ವಾರ ಎಲ್ಲ ಸರಿಯಿತ್ತು. ಮೂರನೇ ವಾರ ಹುಲೇಕಲ್ಲಿನ ಗಣಪನ ರಕ್ತದಲ್ಲಿ ಪೊಟ್ಯಾಸಿಯಂ ಆರರ ಮೇಲೆ ಬಂತು. ತನುಜಾ ಎರಡನೇ ಸಲ ಹಾಕಿದಳು. ಮತ್ತೆ ಅದೇ ಬಂತು, ಸಹಿ ಮಾಡಿದಳು. ಹೃದಯಕ್ಕೆ ಅಪಾಯವೆಂದು ಡಾಕ್ಟರು ಕೂಡಲೇ ಕರೆತರಲು ಹೇಳಿದರು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅಪ್ಪನನ್ನು ಮಗ ಕಿರಣ ಓಮ್ನಿಯಲ್ಲಿ ಮಲಗಿಸಿಕೊಂಡು ಶಿರಸಿಗೆ ತಂದ. ಆಸ್ಪತ್ರೆಯಲ್ಲಿ ಹೊಸದಾಗಿ ರಕ್ತ ತೆಗೆದು ನೋಡಿದರೆ ಪೊಟ್ಯಾಸಿಯಂ ಸರಿಯಾಗಿಯೇ ಇತ್ತು. ಕಿರಣ ನೇರ ಲ್ಯಾಬಿಗೆ ಬಂದು, ಕೂತ ರೋಗಿಗಳೆಲ್ಲ ತಿರುಗಿ ನೋಡುವಂತೆ ಕೂಗಾಡಿ ಹೋದ.

ಸಂಜಯ ದನಿ ಎತ್ತಲಿಲ್ಲ. "ತಿಂಗಳು ತುಂಬೋವರೆಗೂ ಕಾಯೋದು ಬೇಡ ಅನಿಸ್ತದೆ ತನುಜಕ್ಕ. ನೀವೇ ಕರ್ಕೊಂಡು ಬಂದವರು, ನೀವೇ ಹೇಳಿಬಿಡಿ."

ತನುಜಾ ಆ ದಾರಿಯ ಹಿಂದಿನ ಫಲಿತಾಂಶಗಳನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಹೆಚ್ಚಿನವರ ಪೊಟ್ಯಾಸಿಯಂ ಸ್ವಲ್ಪ ಮೇಲೆಯೇ ಇತ್ತು. ಒಂದು ಊರಿನ ಜನಕ್ಕೆಲ್ಲ ಒಟ್ಟಿಗೆ ಹಾಗಾಗುವುದಿಲ್ಲ. ತೆಗೆದ ರಕ್ತವನ್ನು ಬೇಗ ಯಂತ್ರದಲ್ಲಿ ತಿರುಗಿಸಿ ನೀರಂಶ ಬೇರೆ ಮಾಡದಿದ್ದರೆ ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಬೇಗ ಸೋರುತ್ತದೆ. ನಳಿಕೆಗಳು ದಾರಿಯಲ್ಲಿ ಎಲ್ಲೋ ಕಾಯುತ್ತಿದ್ದವು.

"ಎರಡು ದಿನ ಕೊಡಿ ಸರ್. ನಾನೇ ಜೊತೆಗೆ ಹೋಗಿ ನೋಡ್ತೆ."

ಮರುದಿನ ಬೆಳಿಗ್ಗೆ ತನುಜಾ ದಾಕ್ಷಾಯಿಣಿಯ ಸ್ಕೂಟರಿನ ಹಿಂದೆ ಕೂತಳು. ಮೊದಲ ಮನೆಯಲ್ಲಿ ಒಬ್ಬ ಅಜ್ಜಿ. ತೋಳಿನಲ್ಲಿ ನರವೇ ಕಾಣದು. ದಾಕ್ಷಾಯಿಣಿ ಪಕ್ಕದಲ್ಲಿ ಕೂತು, ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಕೇಳುತ್ತ, ಬೆರಳ ತುದಿಯಲ್ಲಿ ತಡವಿ ಸೂಜಿ ಹಾಕಿ ತೆಗೆದೂ ಬಿಟ್ಟಳು. "ಆತಾ?" ಎಂದು ಅಜ್ಜಿ ಕೇಳಿದಾಗ ನಳಿಕೆ ಪೆಟ್ಟಿಗೆಯಲ್ಲಿತ್ತು. ಕೈಯ ಬಗ್ಗೆ ತಾನು ಹೇಳಿದ್ದು ಸುಳ್ಳಲ್ಲವೆಂದು ತನುಜಾಗೆ ಸಮಾಧಾನವಾಯಿತು. ಅಷ್ಟರಲ್ಲಿ ಒಳಗಿನಿಂದ ಕಷಾಯ ಬಂತು. ಎರಡನೇ ಮನೆಯಲ್ಲಿ ಚಾ, ಮೂರನೆಯದರಲ್ಲಿ ಮಜ್ಜಿಗೆ. ಎಲ್ಲ ಕಡೆಯೂ ದಾಕ್ಷಾಯಿಣಿ ಕೂತಳು, ಕುಡಿದಳು, ಮನೆಯವರ ಕಷ್ಟಸುಖ ಕೇಳಿದಳು. ಐಸ್ ಪೆಟ್ಟಿಗೆ ಪ್ರತಿ ಜಗುಲಿಯಲ್ಲೂ ಕಾದಿತ್ತು.

ಕೊನೆಯದು ಗಣಪನ ಮನೆ. ಅವನ ಹೆಂಡತಿ ಚೌಡಮ್ಮ ಬಾಗಿಲಲ್ಲೇ ನಿಂತು ನೋಡಿದಳು.

"ಬಂದ್ರಾ? ನಮ್ಮವರು ಇನ್ನೂ ಬದುಕಿದ್ದಾರೆ ನೋಡಿ, ನಿಮ್ಮ ರಿಪೋರ್ಟಿಗೆ ಬೇಜಾರಾಗ್ಬಹುದು."

"ತಪ್ಪಾಗಿದೆ ಚೌಡಮ್ಮ," ಎಂದಳು ತನುಜಾ.

"ತಪ್ಪು ಆಯ್ತು ಬಿಡಿ. ಕೂತ್ಕಳಿ. ಆಸರಿಗೆ ಎಂತ ಮಾಡ್ಲಿ?"

ಕುಡಿಯಲು ಏನು ಬೇಕೆಂದು ಹೀಗೆ ಬೈದವರೂ ಕೇಳುವ ಊರು ಅದು. ದಾಕ್ಷಾಯಿಣಿ ಆಗಲೇ ಗೋಡೆಗೆ ಒರಗಿ ಕೂತಿದ್ದಳು.

ವಾಪಸು ಬರುವಾಗ ರಸ್ತೆ ಬದಿ ಸ್ಕೂಟರು ನಿಲ್ಲಿಸಿ ತನುಜಾ ವಿಷಯ ಹೇಳಿದಳು. ಮಾಲೀಕನ ಮಾತನ್ನೂ ಮುಚ್ಚಿಡಲಿಲ್ಲ. ದಾಕ್ಷಾಯಿಣಿಯ ಮುಖ ಕೆಂಪಾಯಿತು.

"ಒಲ್ಲೆ ಅಂದ್ರ ಅವರಿಗೆ ಬ್ಯಾಸರ ಆಗೂದಿಲ್ಲೇನ? ಮನಿ ಒಳಗ ಹೋಗಿ, ರಕ್ತ ಹೀರಿ, ಹಂಗ ಎದ್ದು ಬರಾಕ ನಾ ಏನ್ ಸೊಳ್ಳೀನಾ?"

ತನುಜಾಗೆ ನಗು ಬಂತು. ತಡೆದುಕೊಂಡಳು.

"ನಗಬ್ಯಾಡ. ನೀನ ಕರಕೊಂಡ ಬಂದಿ, ಈಗ ನೀನ ಕಳಸ್ತಿ. ಮಗಳಿಗೆ ಶಿರಸಿ ಸಾಲ್ಯಾಗ ಹೆಸರು ಹಚ್ಚೀನಿ. ಅಕಿಗೇನ್ ಹೇಳ್ಲಿ?"

"ಕಳಿಸೋ ಹಂಗಿದ್ರೆ ಲ್ಯಾಬಿನಲ್ಲೇ ಹೇಳ್ತಿದ್ದೆ ಮಾರಾಯ್ತಿ. ಇಷ್ಟು ದೂರ ಬಂದು ಮಜ್ಜಿಗೆ ಕುಡೀತಿರಲಿಲ್ಲ."

ಕೂರುವುದನ್ನು ಪೂರ್ತಿ ಬಿಡು ಎಂದು ಹೇಳಲು ತನುಜಾಗೆ ಮನಸ್ಸಾಗಲಿಲ್ಲ. ಹಾಗೆ ಕೂತದ್ದಕ್ಕೇ ಅಜ್ಜಿ ತೋಳು ಚಾಚಿದ್ದಳು. ಯೋಚಿಸುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು. ರಕ್ತ ಕೆಡಲು ಶುರುವಾಗುವುದು ಮೊದಲ ಸೂಜಿಯ ನಂತರ. ಅದಕ್ಕೆ ಮುಂಚೆ ಎಷ್ಟು ಹೊತ್ತು ಕೂತರೂ ನಳಿಕೆಗೆ ಏನೂ ಆಗದು. ನಡೆದು ಬರಬಲ್ಲವರನ್ನು ಹುಲೇಕಲ್ಲಿನ ಸಹಕಾರಿ ಸೊಸೈಟಿಯ ಜಗುಲಿಗೇ ಬರಲು ಹೇಳಬಹುದು. ಅಲ್ಲಿ ಯಾರ ಅಡುಗೆಮನೆಯೂ ಇಲ್ಲ. ಎದ್ದು ಬರಲಾಗದವರು ಗಣಪನ ಹಾಗೆ ದಿನಕ್ಕೆ ಒಬ್ಬರಿದ್ದರೆ ಹೆಚ್ಚು. ಅವರ ಮನೆಗೆ ಮೊದಲು ಹೋಗಿ, ಕುಡಿದು, ಮಾತಾಡಿ, ಎದ್ದು ಹೊರಡುವ ಮುಂಚೆ ರಕ್ತ ತೆಗೆಯುವುದು. ಅಲ್ಲಿಂದ ಜಗುಲಿ, ಜಗುಲಿಯಿಂದ ನೇರ ಶಿರಸಿ. ಸೋಂದಾಕ್ಕೆ ಬೇರೆ ದಿನ, ಅಲ್ಲೂ ಹೀಗೇ.

ದಾಕ್ಷಾಯಿಣಿ ಕೇಳಿಸಿಕೊಂಡು ಸ್ಕೂಟರಿನ ಕೀಲಿ ತಿರುಗಿಸಿದಳು. "ಮದಲ ಚಾ, ಆಮ್ಯಾಲ ಸೂಜಿ. ಇಷ್ಟ ಹೌದಿಲ್ಲೋ? ಇದನ್ನ ಮದಲ ದಿನಾನ ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತ?"

ಸಂಜಯನ ಮುಂದೆ ತನುಜಾ ನಿಂತೇ ಹೊಸ ಏರ್ಪಾಡನ್ನು ವಿವರಿಸಿದಳು. "ಸರ್, ನಾನು ಅವಳ ಕೈ ಚಲೋ ಅಂತ ಮಾತ್ರ ಹೇಳಿದ್ದೆ. ಯಾರ ಮಾತನ್ನೂ ತೆಗೆದುಹಾಕ್ಲಿಕ್ಕೆ ಅವಳಿಗೆ ಬರೋದಿಲ್ಲ ಅನ್ನೋದು ಯಲ್ಲಾಪುರದಲ್ಲೇ ಗೊತ್ತಿತ್ತು, ಹೇಳ್ಲಿಲ್ಲ. ಅದು ತಿಳಿದಿದ್ರೆ ನೀವು ಬೇರೆ ಥರ ಕೆಲಸ ಹಚ್ತಿದ್ರಿ."

"ಇದು ನಡೀದಿದ್ರೆ?"

"ನಡೀದಿದ್ರೆ ನಾನೇ ಅವಳಿಗೆ ಹೇಳ್ತೆ, ಕೆಲಸ ಬಿಡು ಅಂತ."

ತಿಂಗಳು ಮುಗಿಯುವವರೆಗೆ ಹುಲೇಕಲ್ ಕಡೆಯ ಪ್ರತಿ ನಳಿಕೆಯನ್ನೂ ತನುಜಾ ತಾನೇ ಇಳಿಸಿಕೊಂಡಳು. ಫಲಿತಾಂಶಗಳು ಉಳಿದ ಊರುಗಳ ಹಾಗೆಯೇ ಬಂದವು. ಸಂಜಯ ಹೊಗಳಲಿಲ್ಲ. ಗುರುತಿನ ಚೀಟಿಗೆ ದಾಕ್ಷಾಯಿಣಿಯ ಫೋಟೋ ತರಿಸಿಕೊಂಡ, ಅಷ್ಟೇ.

ಮೊನ್ನೆ ಲ್ಯಾಬಿನ ಕೌಂಟರಿಗೆ ಒಬ್ಬರು ಬೇಕಾದರು. ಊಟದ ಡಬ್ಬಿ ಬಿಚ್ಚುತ್ತ ದಾಕ್ಷಾಯಿಣಿ ಹೇಳಿದಳು: "ನಮ್ಮ ನೀಲಗಂಗವ್ವನ್ನ ಕರೀಲ್ಯಾ? ಯಲ್ಲಾಪುರದಾಗ ಕೌಂಟರಿನ್ಯಾಗ ಇದ್ಲಲ್ಲ. ಭಾಳ ಚೊಕ್ಕ ಹುಡುಗಿ."

"ಚೊಕ್ಕ ಇರ್ಲಿ. ಅವಳಿಗೆ ಎಂತ ಆಗೋದಿಲ್ಲ, ಅದನ್ನ ಹೇಳು."

ದಾಕ್ಷಾಯಿಣಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ನಸುಕಿನ್ಯಾಗ ಏಳೂದಿಲ್ಲ. ಅವರವ್ವ ಮುಖಕ್ಕ ನೀರು ಗೊಜ್ಜಿದ್ರೂ ಏಳೂದಿಲ್ಲ."

"ಹಂಗಾರೆ ಮಧ್ಯಾಹ್ನದ ಪಾಳಿಗೆ ಕೇಳ್ತೆ," ಎಂದಳು ತನುಜಾ.