ತಲೆ ಅಳೆಯುವ ಮೇಡಂ

ಅವರ ಸೀರೆಯ ಬಣ್ಣ ನೆನಪಿಲ್ಲ. ನೀಲಿ ಎಂದು ಬರೆದರೆ ಅದು ನಾನೇ ಬಳಿದ ಬಣ್ಣವಾದೀತು. ದನಿ ಮಾತ್ರ ಚೆನ್ನಾಗಿ ನೆನಪಿದೆ. ತೊಂಬತ್ತರ ದಶಕದಲ್ಲಿ ಪೀಣ್ಯದ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸ್‌ಗೆ ಅವರು ಪ್ರತಿ ವರ್ಷ ಬರುತ್ತಿದ್ದರು. ಆಟಿಸಂ ಇರುವ ಮಕ್ಕಳ ಮೆದುಳು ಹೇಗೆ ಬೆಳೆಯುತ್ತದೆ ಎಂಬುದು ಅವರ ಸಂಶೋಧನೆ. ಅದಕ್ಕಾಗಿ ಅದೇ ಮಕ್ಕಳ ತಲೆಯ ಸುತ್ತಳತೆಯನ್ನು ವರ್ಷವರ್ಷವೂ ತೆಗೆದುಕೊಳ್ಳಬೇಕಿತ್ತು. ನನ್ನ ಮಗ ಅವರಲ್ಲೊಬ್ಬ.

"ಮುಂದೆ ಮಾತಾಡ್ತಾನಾ ಮೇಡಂ?" ಎಂದರೆ, "ಗೊತ್ತಿಲ್ಲ ಕಣ್ರೀ, ಅದಕ್ಕೇ ಬರ್ತಿರೋದು," ಎಂದು ಹಬ್ಬದ ಸುದ್ದಿಯಂತೆ ಹೇಳುತ್ತಿದ್ದರು. ಬೇರೆ ಡಾಕ್ಟರುಗಳು ಎಲ್ಲ ಗೊತ್ತಿದ್ದವರಂತೆ ಕೈಚೆಲ್ಲಿದ್ದರು.

"ಟೋಪಿ ಹೊಲಿಯೋಳು ಬಂದ್ಲು," ಎಂದು ನಮ್ಮ ಅತ್ತೆ ಒಳಗಿನಿಂದ ಗೊಣಗುತ್ತಿದ್ದರು.

ಒಂದು ವರ್ಷ ಮಗ ತಲೆ ಮುಟ್ಟಗೊಡಲಿಲ್ಲ. ಆ ವರ್ಷದ ಅಳತೆ ತಪ್ಪಿದರೆ ಅವನನ್ನು ಅಧ್ಯಯನದಿಂದ ಕೈಬಿಡುತ್ತಿದ್ದರು, ಮೇಡಂ ಕೂಡ ಮತ್ತೆ ಬರುತ್ತಿರಲಿಲ್ಲ.

"ನಾನು ಹಿಡ್ಕೊಳ್ಳಲಾ?" ಎಂದೆ.

"ಬೇಡ, ಬೇಡ," ಎಂದು ಮೇಡಂ ಅಳತೆ ಟೇಪನ್ನು ಅವನ ಮುಂದಿಟ್ಟು ನೆಲದ ಮೇಲೆ ಕುಳಿತರು. ಎಷ್ಟು ಹೊತ್ತಾಯಿತೋ, ಅವನು ಟೇಪನ್ನೆತ್ತಿ ಅವರ ತಲೆಗೇ ಸುತ್ತಿದ. ಕನ್ನಡಕ ಮೂಗಿನ ತುದಿಗೆ ಜಾರಿದರೂ ಅವರು ಅಲ್ಲಾಡಲಿಲ್ಲ.

"ಮೇಡಂ, ಅಳತೆ?" ಎಂದೆ.

"ಸುಮ್ನಿರಿ, ಈಗ ಅವನು ತಗೊಳ್ತಿದ್ದಾನೆ."

ಆಮೇಲೆ ಅವನು ಟೇಪಿನ ತುದಿಯನ್ನು ಅವರ ಕೈಗಿಟ್ಟು ತಲೆ ಬಗ್ಗಿಸಿದ.

ಅಳತೆ ಮುಗಿಸಿ ಅವರು ನಕ್ಕರೋ ಅತ್ತರೋ ಹೇಳಲಾರೆ. ಸಂಭ್ರಮದಲ್ಲಿ ಬರಿಗಾಲಲ್ಲೇ ಮೆಟ್ಟಿಲಿಳಿದು ಹೋದರು. ಅವರ ಚಪ್ಪಲಿ ಎತ್ತಿಕೊಂಡು, "ನಿಲ್ಲಮ್ಮಾ, ಕಾಲು ಸುಡತ್ತೆ," ಎನ್ನುತ್ತ ಬಸ್‌ಸ್ಟಾಪಿನವರೆಗೆ ಓಡಿದವರು ನಮ್ಮ ಅತ್ತೆ.